ಮಾವನ ಕೆಮ್ಮು, ಸೊಸೆಯ ಮೇಕೆ

ಧಾಪೂಗೆ ಆ ಹೆಸರು ಇಟ್ಟವನು ಅವಳ ಅಪ್ಪ, ಅದೂ ಬೇಸತ್ತು ಇಟ್ಟದ್ದು. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಎಂದು ಸೂಲಗಿತ್ತಿ ಬಾಗಿಲ ಸಂದಿಯಿಂದ ಹೇಳಿದಾಗ ಅವನು ಆಕಾಶದ ಕಡೆ ನೋಡಿ, ಹೊಟ್ಟೆ ತುಂಬಿತು, ಇನ್ನು ಸಾಕು ಎಂದನಂತೆ. ಧಾಪೂ ಅಂದರೆ ಅಷ್ಟೇ ಅರ್ಥ. ಮರಳುಗಾಡಿನ ಆ ಸೀಮೆಯಲ್ಲಿ ಊರಿಗೆ ಮೂರು ನಾಲ್ಕು ಧಾಪೂಗಳು ಸಿಗುತ್ತಾರೆ. ಅದು ಹೆಸರಲ್ಲ, ದೇವರಿಗೆ ಕಳಿಸುವ ನೋಟೀಸು: ಈ ಸರಕು ಬೇಕಾದಷ್ಟಾಯಿತು, ಬೇರೆಯದು ಕಳಿಸು ಎಂದು. ಇವಳ ವಿಷಯದಲ್ಲಿ ನೋಟೀಸು ತಲುಪಿತು. ಎರಡು ವರ್ಷಕ್ಕೆ ಗಂಡು ಹುಟ್ಟಿತು. ಅವತ್ತಿನಿಂದ ಧಾಪೂ ಮನೆಯ ಅದೃಷ್ಟದ ಹುಡುಗಿ. ಬೇಡವೆಂದು ಮೂಲೆಗೆ ಸರಿಸಿದ ಮಾಲಿಗೇ ಸಂತೆಯಲ್ಲಿ ಬೆಲೆ ಏರಿದ ಹಾಗೆ, ಅವಳ ರೊಟ್ಟಿಯ ಮೇಲೆ ತುಪ್ಪ ಬೀಳತೊಡಗಿತು. ಅಕ್ಕಂದಿರು ಯಾರೂ ಶಾಲೆಯ ಹೊಸ್ತಿಲು ತುಳಿದಿರಲಿಲ್ಲ. ಅವಳು ಎಂಟನೇ ಕ್ಲಾಸು ಮುಗಿಸಿದಳು.

ಮದುವೆಯಾದದ್ದು ಅಕ್ಷಯ ತೃತೀಯದ ದಿನ, ನಾಲ್ಕನೆಯ ಅಕ್ಕನದೂ ಇವಳದೂ ಒಂದೇ ಚಪ್ಪರದಲ್ಲಿ. ಒಂದೇ ಅಡುಗೆ, ಒಂದೇ ಓಲಗ, ಇಬ್ಬರು ಅಳಿಯಂದಿರು. ಹೆಣ್ಣುಮಕ್ಕಳಲ್ಲೂ ಸಗಟು ವ್ಯಾಪಾರದ ಅನುಕೂಲ ಉಂಟೆಂದು ಅಪ್ಪನಿಗೆ ಹೊಳೆದದ್ದು ಅವತ್ತೇ.

ಹೀಗೆ ಧಾಪೂ ಹರಖಾಸರಕ್ಕೆ ಬಂದಳು, ಖೀಂವಾರಾಮ್ ಚೌಧರಿಯವರ ಎರಡನೆಯ ಮಗ ಭೋಮಾರಾಮನ ಹೆಂಡತಿಯಾಗಿ. ಗೃಹಪ್ರವೇಶವಾಗಿ ಇನ್ನೂ ಕಾಲಿನ ಮೆಹಂದಿ ಆರಿರಲಿಲ್ಲ, ಅತ್ತೆ ಗವರಾ ಪಕ್ಕಕ್ಕೆ ಕರೆದು ಮನೆಯ ಕಾನೂನು ಹೇಳಿಕೊಟ್ಟಳು.

"ನೋಡು ಬೀಂದಣಿ," ಎಂದಳು. ಅಲ್ಲಿ ಸೊಸೆಗೆ ಬೀಂದಣಿ ಅನ್ನುತ್ತಾರೆ, ಅವಳಿಗೆ ಮೊಮ್ಮಕ್ಕಳಾದರೂ ಬೀಂದಣಿಯೇ. "ಮಾವ ಕೆಮ್ಮಿದ್ರೆ ಮುಸುಕು ಎಳ್ಕೋ. ಅವರ ಮುಂದೆ ಮಾತಾಡಬೇಡ, ಅವರಿಗಿಂತ ಎತ್ತರದಲ್ಲಿ ಕೂತ್ಕೋಬೇಡ, ಅವರ ಹೆಸರು ಹೇಳ್ಬೇಡ. ಮಿಕ್ಕಿದ್ದೆಲ್ಲ ನಿನ್ನಿಷ್ಟ."

"ಮಿಕ್ಕಿದ್ದು ಏನಿದೆ ಅತ್ತೆ?"

"ಸಗಣಿ ತಟ್ಟೋದಿದೆ," ಎಂದಳು ಅತ್ತೆ.

ಚೌಧರಿಯವರ ಕೆಮ್ಮು ಕಾಯಿಲೆಯದಲ್ಲ, ಕಾಯಿದೆಯದು. ಹೊರಗಿನಿಂದ ಅಂಗಳಕ್ಕೆ ಬರುವ ಮುಂಚೆ ಬಾಗಿಲಲ್ಲಿ ನಿಂತು, ಗಂಟಲ ಆಳದಿಂದ ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಒಳಗೆ ಇರುವ ಹೆಂಗಸರಿಗೆ ತಲೆಯ ಮೇಲಿನ ಓಢಣಿ ಮುಖಕ್ಕೆ ಎಳೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಎರಡು ಕೆಮ್ಮಿನ ಮಧ್ಯೆ. ಅದರಲ್ಲಿ ಅವರು ಯಾವತ್ತೂ ತಪ್ಪಿದವರಲ್ಲ. ಮನೆ ಬಿಟ್ಟು ಬೇರೆಲ್ಲೂ ಅವರು ಕೆಮ್ಮಿದ್ದನ್ನು ಕೇಳಿದವರಿಲ್ಲ. ಊರಿನ ಉಳಿದ ಜಾಗಕ್ಕೆಲ್ಲ ಅವರು ಹೇಳದೆ ಕೇಳದೆ ನುಗ್ಗುತ್ತಿದ್ದರು.

ಆದರೆ ಒಂದೇ ಅಂಗಳದಲ್ಲಿ ಬದುಕುವವರು ಮಾತಾಡದೆ ಇರಲಾದೀತೆ? ಅದಕ್ಕೂ ದಾರಿಯಿತ್ತು, ಎಲ್ಲರ ಮನೆಯಲ್ಲೂ ಇರುವಂಥದೇ. ಕೆಲವರ ಮನೆಯಲ್ಲಿ ಸೊಸೆ ಗೋಡೆಗೆ ಹೇಳುತ್ತಾಳೆ, ಕೆಲವರಲ್ಲಿ ಮಗುವಿಗೆ. ಚೌಧರಿಯವರ ಮನೆಯಲ್ಲಿ ಅಂಗಳದ ಗೂಟಕ್ಕೆ ಕಟ್ಟಿದ ಮೇಕೆಗೆ.

ಮಾವ ಮಂಚದ ಮೇಲೆ ಕೂತು ಮೇಕೆಯ ಕಡೆ ನೋಡಿ, "ಈ ಮನೇಲಿ ಅಂಬಲಿಗೆ ಉಪ್ಪು ಹಾಕೋ ಪದ್ಧತಿ ಬಿಟ್ಟುಹೋಯ್ತೇನೋ," ಅನ್ನುವರು.

ಧಾಪೂ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು, ಅದೇ ಮೇಕೆಗೆ, "ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದಾಗ ನೀನೂ ಅಲ್ಲೇ ಇದ್ಯಲ್ಲ, ಮರೆತುಬಿಟ್ಯಾ," ಅನ್ನುವಳು.

"ಡಾಕ್ಟರಿಗೇನು, ಅವನ ಮನೇಲಿ ಅಂಬಲಿ ಮಾಡ್ತಾರಾ ಕೇಳು."

"ಮಾಡಲ್ಲ. ಅದಕ್ಕೇ ಗಟ್ಟಿಮುಟ್ಟಾಗಿದ್ದಾನೆ ಅಂತ ಹೇಳು."

ಮೇಕೆ ಎರಡೂ ಕಡೆಯವರ ಮಾತು ಕೇಳಿ ಮೆಲುಕು ಹಾಕುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆರು ಮೇಕೆಗಳು ಬಂದು ಹೋದವು. ಈಗಿನದು ಕಾಬರಿ, ಮೈತುಂಬ ಕಪ್ಪು ಬಿಳಿ ಮಚ್ಚೆಯದು. ಹರಖಾಸರದಲ್ಲಿ ಅದಕ್ಕಿಂತ ಹೆಚ್ಚು ಮನೆಮಾತು ಬಲ್ಲ ಜೀವ ಇರಲಿಲ್ಲ, ಬಲ್ಲದ್ದನ್ನು ಯಾರಿಗೂ ಹೇಳದೆ ಉಳಿಸಿಕೊಂಡದ್ದೂ ಅದೊಂದೇ.

ಆ ಸಲ ಜಿಲ್ಲಾ ಕೇಂದ್ರದಲ್ಲಿ ಮೀಸಲಾತಿಯ ಚೀಟಿ ಎತ್ತಿದಾಗ ಹರಖಾಸರದ ಸರಪಂಚ ಸ್ಥಾನ, ಅಂದರೆ ಪಂಚಾಯ್ತಿ ಅಧ್ಯಕ್ಷತೆ, ಹೆಂಗಸಿಗೆ ಬಿತ್ತು. ಇಪ್ಪತ್ತು ವರ್ಷ ಅದೇ ಕುರ್ಚಿಯ ಸುತ್ತಮುತ್ತ ಓಡಾಡಿದ್ದ ಚೌಧರಿಯವರು ಎದೆಗುಂದಲಿಲ್ಲ. ಒಂಟೆ ಕೊಳ್ಳುವವನು ಹಲ್ಲು ನೋಡುವ ಹಾಗೆ ಮನೆಯ ಹೆಂಗಸರ ಬಾಯಿ ನೋಡಿದರು. ಹೆಂಡತಿಗೆ ಓದು ಬರದು. ಹಿರಿ ಸೊಸೆಯ ದನಿ ಮೂರು ಹೊಲದಾಚೆ ಕೇಳುತ್ತದೆ. ಉಳಿದವಳು ಧಾಪೂ.

"ನನ್ನ ಮುಂದೆ ಇಪ್ಪತ್ತೊಂದು ವರ್ಷದಿಂದ ಒಂದು ಅಕ್ಷರ ಆಡಿದವಳಲ್ಲ," ಎಂದು ಊರಕಟ್ಟೆಯಲ್ಲಿ ಹುಕ್ಕಾ ಎಳೆಯುತ್ತ ಹೇಳಿಕೊಂಡರು. "ಇಂಥ ಸರಪಂಚ ಇಡೀ ಜಿಲ್ಲೇಲಿ ಹುಡುಕಿದರೂ ಸಿಗಲ್ಲ."

ಒಂಟೆ ವ್ಯಾಪಾರದಲ್ಲಿ ಎಂದೂ ಮೋಸಹೋಗದ ಚೌಧರಿಯವರು ಸರಕನ್ನು ತಪ್ಪಾಗಿ ಅಂದಾಜು ಮಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಮೇಕೆಗೆ ಹೇಳಿದ ಮಾತನ್ನು ಅವರು ಮಾತು ಎಂದು ಎಣಿಸಿರಲಿಲ್ಲ.

ಚುನಾವಣೆಯ ಪೋಸ್ಟರಿನಲ್ಲಿ ಮೂರು ಚಿತ್ರಗಳಿದ್ದವು. ಮೇಲೆ ಪೇಟ ಸುತ್ತಿದ ಮಾವ, ಕೆಳಗೆ ಕೈ ಮುಗಿದ ಗಂಡ, ನಡುವೆ ಎದೆಯವರೆಗೆ ಇಳಿಬಿಟ್ಟ ಹಳದಿ ಓಢಣಿ. ಓಢಣಿಯ ಒಳಗೆ ಧಾಪೂ ಇದ್ದಾಳೆಂದು ನಂಬಬೇಕು. "ಒಳಗೆ ಯಾರೇ ಇರಲಿ, ಬಟ್ಟೆ ಚೆನ್ನಾಗಿದೆ," ಎಂದು ಜೀವಣ್ ಬಾ ಓಟು ಹಾಕಿದ. ಬಾ ಅಂದರೆ ಅಲ್ಲಿ ಅಜ್ಜ; ಅವನು ಊರಿನ ಹಿರಿಯ, ಊರಿನ ಮಾತಿಗೆಲ್ಲ ಬಾಯಿ ಹಾಕುವ ಕೆಲಸ ಅವನದು. ಅರವತ್ತೊಂದು ಓಟಿನಿಂದ ಓಢಣಿ ಗೆದ್ದಿತು. ಹಾರಗಳೆಲ್ಲ ಮಾವನ ಕೊರಳಿಗೆ ಬಿದ್ದವು.

ಮೊದಲ ವರ್ಷ ಎಲ್ಲ ಲೆಕ್ಕಾಚಾರದಂತೆಯೇ ನಡೆಯಿತು. ಸಭೆಯಲ್ಲಿ ಕುರ್ಚಿಯ ಮೇಲೆ ಭೋಮಾರಾಮ ಕೂತ. ಕಾಗದಪತ್ರ ಮನೆಗೆ ಬಂತು. ಭೋಮಾರಾಮ ಒಳ್ಳೆಯವನು, ಯಾರು ಏನು ಹೇಳಿದರೂ ತಲೆಯಾಡಿಸುವಷ್ಟು ಒಳ್ಳೆಯವನು. ಪಂಚಾಯ್ತಿ ಕಾರ್ಯದರ್ಶಿ ಓಂಕಾರಮಲ್ ಮೋಟರ್ ಸೈಕಲ್ಲಿನಲ್ಲಿ ಕಾಗದದ ಕಟ್ಟು ತಂದು ಅಂಗಳದ ಅಂಚಿಗೆ ಕೂತು, ಅತ್ತಿಗೆಯನ್ನು ಕರೆದ ಹಾಗೆ ಕರೆಯುವನು.

"ಭಾಭೀಸಾ, ಇಲ್ಲೊಂದು, ಇಲ್ಲೊಂದು ರುಜು ಹಾಕಿಬಿಡಿ. ಹೋಗಬೇಕು."

"ಓದಿ ಹಾಕ್ತೀನಿ."

"ಓದೋಕೆ ಏನಿದೆ ಅದರಲ್ಲಿ? ಎಲ್ಲ ಸರ್ಕಾರದ ಭಾಷೆ."

"ಹಾಗಾದ್ರೆ ನಿಧಾನಕ್ಕೆ ಓದ್ಬೇಕು. ಚಾ ಕುಡೀರಿ."

ಓಂಕಾರಮಲ್ ಮೂರು ಲೋಟ ಚಾ ಕುಡಿಯುವ ಹೊತ್ತಿಗೆ ಅವಳು ಓದಿ ಮುಗಿಸಿ, ಎರಡಕ್ಕೆ ರುಜು ಹಾಕಿ, ಒಂದನ್ನು ಹಿಂದೆ ಕೊಡುವಳು. ಆ ಚಾ ಕುಡಿಯುವುದೂ ಸುಲಭದ ಕೆಲಸವಾಗಿರಲಿಲ್ಲ. ಅದು ಕೊಳವೆ ಬಾವಿಯ ಉಪ್ಪುನೀರಿನ ಚಾ. ಸಕ್ಕರೆ ಎಷ್ಟು ಸುರಿದರೂ ನಾಲಿಗೆಗೆ ಮೊದಲು ತಾಗುವುದು ಉಪ್ಪೇ, ಹಾಲು ಒಡೆದು ಚಕ್ಕೆಯಾಗಿ ತೇಲುತ್ತಿತ್ತು.

ವಿಷಯ ಇದ್ದದ್ದೇ ಆ ಉಪ್ಪಿನಲ್ಲಿ.

ಹರಖಾಸರಕ್ಕೆ ಸಿಹಿನೀರು ಅಂದರೆ ಊರಾಚೆಯ ಕೆರೆ. ಕೆರೆಗೆ ನೀರು ಅಂದರೆ ಅದರ ಆಗೋರ್: ಕೆರೆಯ ಸುತ್ತ ಮೇಲಕ್ಕೆ ಹಬ್ಬಿದ ಗಟ್ಟಿ ನೆಲದ ಇಳಿಜಾರು. ವರ್ಷಕ್ಕೆ ನಾಲ್ಕೋ ಐದೋ ಮಳೆ, ಆ ಮಳೆಯ ಒಂದೊಂದು ಹನಿಯೂ ಆ ಇಳಿಜಾರಿನಲ್ಲಿ ಉರುಳಿ ಕೆರೆ ಸೇರಬೇಕು. ಅದರ ಮೇಲೆ ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲ, ದನ ಹೊಡೆಯುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಇಡೀ ಊರು ಪೊರಕೆ ಹಿಡಿದು ಅದನ್ನು ಗುಡಿಸುತ್ತದೆ; ಮನೆಯಂಗಳ ಗುಡಿಸದ ಸೋಮಾರಿಗಳೂ ಅದನ್ನು ಗುಡಿಸುತ್ತಾರೆ.

ಇಂಥ ಆಗೋರಿನ ಮೇಲ್ಬದಿಗೆ ಎರಡು ವರ್ಷದ ಹಿಂದೆ ಒಂದು ಮುಳ್ಳುಬೇಲಿ ಬಂತು. ಮೇವಿನ ಬಣವೆಗೆ ಒಂದು ಚೂರು ಜಾಗ, ಅಷ್ಟೇ. ಮರುವರ್ಷ ಮುಳ್ಳಿನ ಜಾಗದಲ್ಲಿ ಕಲ್ಲುಚಪ್ಪಡಿ ನಿಂತಿತು. ಎದೆಯೆತ್ತರದ ಕೆಂಪು ಚಪ್ಪಡಿಗಳು, ಮುನ್ನೂರ ಹನ್ನೆರಡು, ಜೋಧಪುರದ ಕಡೆಯ ಗಣಿಯಿಂದ ಒಂದೊಂದನ್ನೂ ಬೆರಳಿನಿಂದ ತಟ್ಟಿ ನಾದ ಕೇಳಿ ಆರಿಸಿದ್ದು. ಆರಿಸಿದವರು ಖೀಂವಾರಾಮ್ ಚೌಧರಿಯವರು. ಆ ವರ್ಷದ ಮಳೆ ಗೋಡೆಗೆ ಬಡಿದು, ಪಕ್ಕಕ್ಕೆ ತಿರುಗಿ, ಅವರದೇ ಹೊಲಕ್ಕೆ ಹರಿಯಿತು. ಅವರ ಸಜ್ಜೆ ಆಳೆತ್ತರ ಬೆಳೆಯಿತು. ಕೆರೆ ದೀಪಾವಳಿಗೆ ಬತ್ತಿತು. ಹೆಂಗಸರು ಎರಡು ಕೊಡ ತಲೆಯ ಮೇಲೆ, ಒಂದು ಸೊಂಟದಲ್ಲಿ ಇಟ್ಟುಕೊಂಡು ಮುಕ್ಕಾಲು ಗಂಟೆ ದೂರದ ಕೊಳವೆ ಬಾವಿಗೆ ಹೋಗಿ ಉಪ್ಪುನೀರು ಹೊತ್ತರು. ಚೌಧರಿಯವರ ಮನೆಯ ಹೆಂಗಸರೂ ಹೊತ್ತರು. ಅರವತ್ತೈದರ ಗವರಾ ಕೂಡ.

ಗೋಡೆ ಯಾರದೆಂದು ಊರಿಗೆಲ್ಲ ಗೊತ್ತು. ಆದರೆ ಹೇಳುವವರು ಯಾರು? ಗಂಡಸರಲ್ಲಿ ಅರ್ಧ ಜನ ಮಗಳ ಮದುವೆಗೋ ಕೋರ್ಟಿನ ಸಾಕ್ಷಿಗೋ ಚೌಧರಿಯವರ ಹಂಗಿನಲ್ಲಿದ್ದರು, ಉಳಿದರ್ಧ ಮುಂದೆ ಬೇಕಾದೀತೆಂದು ಸುಮ್ಮನಿದ್ದರು. ಹೆಂಗಸರೆಲ್ಲ ಊರಿನ ಸೊಸೆಯಂದಿರು, ಊರ ಹಿರಿಯನ ಹೆಸರನ್ನು ನಾಲಿಗೆಗೆ ತರುವಂತಿಲ್ಲ.

ಜ್ಯೇಷ್ಠದ ಬಿಸಿಲು ಕಾದು ನಿಂತಿದ್ದಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಸಭೆಯಲ್ಲಿ ಸರಪಂಚೆಯೇ ಕೂರಬೇಕು, ಗಂಡಂದಿರು ಕೂರುವಂತಿಲ್ಲ. ಭೋಮಾರಾಮ ಅದನ್ನು ಎರಡು ಸಲ ಓದಿಸಿ ಕೇಳಿ, ಒಂದು ದೊಡ್ಡ ಉಸಿರು ಬಿಟ್ಟು, ಕುರಿಗಳ ಹಿಂದೆ ಹೋದ. ಹಾಗೆ ನೆಮ್ಮದಿಯಾಗಿ ಅವನು ಹೋದದ್ದನ್ನು ಒಂದು ವರ್ಷದಿಂದ ಯಾರೂ ಕಂಡಿರಲಿಲ್ಲ.

ಧಾಪೂ ಓಂಕಾರಮಲನನ್ನು ಕರೆಸಿ, ಚಾ ಕೊಟ್ಟು ಕೇಳಿದಳು.

"ಆಗೋರಿನ ಗೋಡೆ ತೆಗೆಸೋಕೆ ಏನು ಮಾಡ್ಬೇಕು?"

ಓಂಕಾರಮಲ್ ಲೋಟ ಕೆಳಗಿಟ್ಟ. "ಭಾಭೀಸಾ, ಅದು... ನಿಮ್ಮ ಮನೆ..."

"ಯಾರ ಮನೆ ಅಂತ ಕೇಳಲಿಲ್ಲ. ಏನು ಮಾಡ್ಬೇಕು ಅಂತ ಕೇಳಿದೆ."

ಅವನು ಚೀಲದಿಂದ ನಿಯಮದ ಪುಸ್ತಕ ತೆಗೆದು, ಬೆರಳು ನೆಕ್ಕಿ ಪುಟ ತಿರುಗಿಸಿದ. ಓದುತ್ತ ಓದುತ್ತ ಅವನ ಮುಖ ಅರಳಿತು. "ಗ್ರಾಮಸಭೆಯಲ್ಲಿ ಠರಾವು ಆಗ್ಬೇಕು. ಒತ್ತುವರಿ ಮಾಡಿದವನ ಹೆಸರನ್ನ ಸಭೆ ಮುಂದೆ ಬಾಯಿಬಿಟ್ಟು ಹೇಳಿ ಬರೆಸಬೇಕು. ಹೇಳೋದು ನಾನಲ್ಲ," ಎಂದು ಅವನು ಆ ಸಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆದ. "ಅಧ್ಯಕ್ಷತೆ ವಹಿಸಿದ ಸರಪಂಚ. ನೋಡಿ, ಇಲ್ಲೇ ಇದೆ."

ಈ ಮಾತು ಸಂಜೆಯೊಳಗೆ ಊರಕಟ್ಟೆಗೆ ಹೋಯಿತು. ಚೌಧರಿಯವರು ಮೀಸೆ ನೀವಿಕೊಂಡು ನಕ್ಕರು.

"ಕಾನೂನು ಏನನ್ನುತ್ತೆ? ಸರಪಂಚ ನನ್ನ ಹೆಸರು ಹೇಳ್ಬೇಕು ಅನ್ನುತ್ತೆ. ಮರ್ಯಾದೆ ಏನನ್ನುತ್ತೆ? ಬೀಂದಣಿ ನನ್ನ ಹೆಸರು ಹೇಳಬಾರದು ಅನ್ನುತ್ತೆ. ಇಬ್ಬರೂ ಕೂತು ಮಾತಾಡಿಕೊಂಡು ಬರಲಿ, ಆಮೇಲೆ ನೋಡೋಣ."

ಕಾನೂನಿಗೂ ಮರ್ಯಾದೆಗೂ ನಡುವೆ ಆ ಗೋಡೆ ಬಲು ಭದ್ರವಾಗಿ ನಿಂತಿತ್ತು. ಧಾಪೂಗೂ ಅದು ಗೊತ್ತಿತ್ತು. ಹೆಸರು ಹೇಳಿದರೆ ಮನೆಯಲ್ಲಿ ಅವಳಿಗೆ ಜಾಗವಿಲ್ಲ, ತವರಿನಲ್ಲೂ ತಲೆಯೆತ್ತುವಂತಿಲ್ಲ. ಹೇಳದಿದ್ದರೆ ಆಷಾಢದ ಮಳೆ ಮತ್ತೆ ಮಾವನ ಸಜ್ಜೆಗೆ. ಇನ್ನೊಂದು ವರ್ಷ ಉಪ್ಪುನೀರು. ಗ್ರಾಮಸಭೆಗೆ ಎಂಟು ದಿನ ಇತ್ತು, ಮಳೆಗೆ ಹೆಚ್ಚೆಂದರೆ ಇಪ್ಪತ್ತು.

ಮರುದಿನ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಸಜ್ಜೆ ರೊಟ್ಟಿ ತಟ್ಟುತ್ತಿದ್ದರು. ಗವರಾ ಸೊಂಟ ಹಿಡಿದುಕೊಂಡು ಕೂತಿದ್ದಳು. ಬೆಳಿಗ್ಗೆ ಕೊಡ ಇಳಿಸುವಾಗ ಉಳುಕಿತ್ತು.

"ಅತ್ತೆ, ನೀವು ಯಾವತ್ತೂ ಅವರ ಹೆಸರು ಹೇಳಿಲ್ವಾ?"

"ಅಯ್ಯೋ, ಹೇಳಿದ್ರೆ ಆಯುಷ್ಯ ಕಮ್ಮಿ ಆಗಲ್ವೇನೇ? ಅವರದಾಗುತ್ತೋ ನನ್ನದಾಗುತ್ತೋ ಅದು ಗೊತ್ತಿಲ್ಲ. ಯಾಕೆ ಬೇಕು," ಎಂದು ಗವರಾ ರೊಟ್ಟಿ ಮಗುಚಿದಳು. ಆಮೇಲೆ ತಾನೇ ನಗತೊಡಗಿದಳು. "ಒಂದ್ಸಲ ನಾಗೋರಿನ ದನದ ಜಾತ್ರೇಲಿ ಕಳೆದುಹೋಗಿದ್ದರು. ನಾನೋ ಅವರೋ, ಒಟ್ಟು ಒಬ್ಬರು. ನಾನು ಮಗಳ ಹೆಸರು ಹಿಡಿದು 'ಓ ರಾಮಿಯ ಅಪ್ಪಾ, ಓ ರಾಮಿಯ ಅಪ್ಪಾ' ಅಂತ ಕೂಗ್ತಾ ಹೋದೆ. ರಾಮಿಯ ಅಪ್ಪಂದಿರು ನಾಲ್ಕು ಜನ ಬಂದ್ರು, ಇವರೊಬ್ಬರು ಬರಲಿಲ್ಲ."

"ಆಮೇಲೆ?"

"ಆಮೇಲೆ ಪೊಲೀಸ್ ಡೇರೆಗೆ ಹೋದೆ. ಅಲ್ಲಿ ಮೈಕಿತ್ತು. ಹೆಸರೇನು ಅಂದ. ಹೇಳಲ್ಲ ಅಂದೆ. ಹೆಸರಿಲ್ಲದವನನ್ನ ನಾನು ಏನಂತ ಕೂಗ್ಲಿ ತಾಯಿ ಅಂದ. ಪೇಟ ಬಿಳಿ, ಎಡಗಡೆ ಮೀಸೆ ಸ್ವಲ್ಪ ಉದ್ದ ಅಂದೆ. ಅವನು ತಲೆ ಕೆಟ್ಟು, 'ಮೂರು ಗಂಟೆವರೆಗೆ ನೋಡ್ತೀನಿ. ಈ ಹೆಂಗಸಿಗೆ ವಾರಸುದಾರರು ಯಾರೂ ಬರದಿದ್ರೆ ಅನಾಥಾಶ್ರಮಕ್ಕೆ ಕಳಿಸ್ತೀನಿ' ಅಂತ ಮೈಕಲ್ಲಿ ಕೂಗಿಬಿಟ್ಟ. ಎಲ್ಲಿದ್ದರೋ, ಓಡಿ ಬಂದ್ರು. ಮೈಕಿನ ಮುಂದೆ ನಿಂತು ತಮ್ಮ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ತಾವೇ ಹೇಳಿದ್ರು. ಇಡೀ ಜಾತ್ರೆಗೆ ಕೇಳಿಸ್ತು. ನನ್ನದೇ ಇದು, ನನ್ನದೇ ಅಂತ."

ಧಾಪೂಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವಳು, "ರೊಟ್ಟಿ ಸೀದುಹೋಯ್ತು ಅತ್ತೆ," ಎಂದಳು. ನಿಜಕ್ಕೂ ಸೀದಿತ್ತು.

ಮುಂದಿನ ಸಲ ಓಂಕಾರಮಲ್ ಬಂದಾಗ ಅವಳು ಮೂರನೆಯ ಲೋಟ ಚಾ ಆಗುವ ತನಕ ಸುಮ್ಮನಿದ್ದು, ಆಮೇಲೆ ಏನೂ ಅಲ್ಲದ ಹಾಗೆ ಕೇಳಿದಳು. "ಪಂಚಾಯ್ತಿ ನೆಲದಲ್ಲಿ ಯಾರದೋ ಒಂದು ಒಂಟೆಗಾಡಿ ಬಿದ್ದಿದೆ ಅಂತಿಟ್ಕೊಳ್ಳಿ. ಸಭೇಲಿ ಕೇಳಿದ್ರೂ ಯಾರೂ ನಮ್ಮದು ಅನ್ನಲ್ಲ. ಆಗ?"

"ಪಂಚಾಯ್ತಿ ಮಾಲು," ಎಂದ ಓಂಕಾರಮಲ್. "ಏನು ಬೇಕಾದ್ರೂ ಮಾಡಬಹುದು. ಯಾರ ಒಂಟೆಗಾಡಿ?"

"ಸುಮ್ಮನೆ ಕೇಳಿದೆ. ಚಾ ಇನ್ನೊಂದು ಸ್ವಲ್ಪ?"

"ಬೇಡ," ಎಂದ ಅವನು, ಬೇಗನೆ.

ಗ್ರಾಮಸಭೆಯ ದಿನ ಪಂಚಾಯ್ತಿ ಕಟ್ಟಡದ ಮುಂದಿನ ಬನ್ನಿ ಮರದ ಕೆಳಗೆ ಜಮಖಾನ ಹಾಸಿದ್ದರು. ಒಂದು ಕಡೆ ಗಂಡಸರು, ಎಲ್ಲರಿಗಿಂತ ಮುಂದೆ ಚೌಧರಿಯವರು, ಕೈಯಲ್ಲಿ ಹುಕ್ಕಾ. ಇನ್ನೊಂದು ಕಡೆ ಸಾಲು ಸಾಲು ಓಢಣಿಗಳು. ಆ ಸಲ ಓಢಣಿಗಳು ಎಂದಿಗಿಂತ ಹೆಚ್ಚೇ ಬಂದಿದ್ದವು. ಮಧ್ಯೆ ಮೇಜು, ಹಿಂದೆ ಸರಪಂಚರ ಕುರ್ಚಿ ಖಾಲಿ. ಮಾವ ನೆಲದ ಮೇಲೆ ಕೂತಿರುವಾಗ ಸೊಸೆ ಕುರ್ಚಿಯ ಮೇಲೆ ಕೂರುವುದುಂಟೆ? ಈ ತಮಾಷೆ ನೋಡಲೆಂದೇ ಪಕ್ಕದ ಊರಿನಿಂದ ಇಬ್ಬರು ಬಂದಿದ್ದರು.

ಧಾಪೂ ಬಂದಳು. ಎದೆಯವರೆಗೆ ಮುಸುಕು, ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಕಾಬರಿ. ಮೇಕೆಯನ್ನು ಬನ್ನಿ ಮರಕ್ಕೆ ಕಟ್ಟಿ, ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಅವಳು ಮಾವನಿಗೆ ಓರೆಯಾಗಿ ನೆಲದ ಮೇಲೆ ಕೂತಳು.

"ಈ ಸಲ ಮೇಕೆಗೂ ಓಟಿದೆಯೇನಮ್ಮಾ ಬೀಂದಣಿ?" ಎಂದ ಜೀವಣ್ ಬಾ.

"ಓಟಿಲ್ಲ, ಕಿವಿ ಇದೆ ಅಂತ ಹೇಳು ಕಾಬರಿ," ಎಂದಳು ಧಾಪೂ, ಮೇಕೆಗೆ. "ಇಲ್ಲಿ ಎಷ್ಟು ಜನಕ್ಕಿದೆ ನೋಡೋಣ."

ಗಂಡಸರು ನಕ್ಕರು. ಚೌಧರಿಯವರು ನಗಲಿಲ್ಲ. ಕಾಬರಿಯನ್ನು ಕಂಡದ್ದೇ ಅವರ ಹುಕ್ಕಾ ಬಾಯಿಯ ಹತ್ತಿರ ಹೋಗದೆ ನಿಂತಿತ್ತು.

ಓಂಕಾರಮಲ್ ರಸ್ತೆ, ದೀಪ, ಪಿಂಚಣಿ ಎಂದು ಒಂದೊಂದಾಗಿ ಓದಿದ. ಏಳನೆಯ ವಿಷಯಕ್ಕೆ ಬಂದಾಗ ಅವನ ದನಿ ಇಳಿಯಿತು. "ಕೆರೆಯ ಆಗೋರಿನಲ್ಲಿ ಒತ್ತುವರಿ. ಹೆಸರು..." ಎಂದು ಧಾಪೂಳ ಕಡೆ ನೋಡಿದ. ಎಲ್ಲರೂ ನೋಡಿದರು. ಬನ್ನಿ ಮರದ ಕೆಳಗೆ ಕಾಬರಿ ಮೆಲುಕು ಹಾಕುವ ಸದ್ದು ಕೇಳಿಸುತ್ತಿತ್ತು.

"ಕಾಬರಿ," ಎಂದಳು ಧಾಪೂ, "ಆ ಗೋಡೆ ಯಾರದು ಅಂತ ಸಭೇನ ಕೇಳು. ಯಾರದೋ ಇದ್ದರೆ ಎದ್ದು ಹೇಳಲಿ."

ಯಾರೂ ಏಳಲಿಲ್ಲ. ಚೌಧರಿಯವರು ಬನ್ನಿ ಮರದ ತುದಿಯಲ್ಲಿ ಏನೋ ಹುಡುಕುತ್ತಿದ್ದರು.

"ಇನ್ನೊಂದ್ಸಲ ಕೇಳು."

ಸದ್ದಿಲ್ಲ.

"ಹಾಗಾದ್ರೆ ಕಾರ್ಯದರ್ಶಿಗಳಿಗೆ ಬರ್ಕೊಳ್ಳೋಕೆ ಹೇಳು," ಎಂದಳು ಅವಳು, ತರಕಾರಿ ಚೌಕಾಸಿ ಮಾಡುವಷ್ಟೇ ನಿಧಾನವಾಗಿ. "ಆಗೋರಿನ ಗೋಡೆಗೆ ವಾರಸುದಾರರಿಲ್ಲ. ಪಂಚಾಯ್ತಿ ಮಾಲು. ಚಪ್ಪಡಿ ಒಳ್ಳೇದಿದೆ, ಕೆಂಪಗಿದೆ, ತಟ್ಟಿದ್ರೆ ಗಂಟೆ ಹಾಗೆ ನುಡಿಯುತ್ತೆ. ಬಸ್ ನಿಲ್ದಾಣದ ಮುಂದಿನ ಶೌಚಾಲಯ ಕಲ್ಲಿಲ್ಲದೆ ಅರ್ಧಕ್ಕೆ ನಿಂತಿದೆ. ನಾಳೆ ಟ್ರ್ಯಾಕ್ಟರ್ ಕಳಿಸಿ ಅಲ್ಲಿಗೆ ಹಾಕಿಸೋದು."

ಓಢಣಿಗಳ ಕಡೆ ಒಂದು ಅಲೆ ಎದ್ದಿತು. ಓಂಕಾರಮಲ್ ಒಂಟೆಗಾಡಿ ಯಾರದೆಂದು ಈಗ ಅರ್ಥವಾಗಿ ಪೆನ್ನು ಹಿಡಿದು ಕೂತ. ಜೀವಣ್ ಬಾ ಗಡ್ಡ ಕೆರೆದುಕೊಂಡು, "ಕೆಲಸ ಮುಗಿಸಿ ಎದ್ದು ಬರೋವಾಗ ಕಲ್ಲು ತಟ್ಟಿ ನೋಡಬಹುದು. ನಾದ ಚೆನ್ನಾಗಿರುತ್ತೆ," ಎಂದ.

ಆಗ ಕೆಮ್ಮು ಕೇಳಿಸಿತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು.

ಖೀಂವಾರಾಮ್ ಚೌಧರಿಯವರು ಎದ್ದು ನಿಂತರು. ಪೇಟ ಸರಿಮಾಡಿಕೊಂಡರು. ಮುನ್ನೂರ ಹನ್ನೆರಡು ಚಪ್ಪಡಿಗಳು ಅವರ ಕಣ್ಣ ಮುಂದೆ ಬಸ್ ನಿಲ್ದಾಣದ ಕಡೆ ಮೆರವಣಿಗೆ ಹೊರಟಿದ್ದಿರಬೇಕು. ಇಪ್ಪತ್ತೆರಡು ವರ್ಷದ ರೂಢಿ, ಅವರ ಕಣ್ಣು ತಾನಾಗಿ ಹೋಗಿ ಮೇಕೆಯ ಮೇಲೆ ನಿಂತಿತು.

"ಅವಳಿಗೆ ಹೇಳು," ಎಂದರು ಮೇಕೆಗೆ. "ಆ ಕಲ್ಲಿಗೆ ವಾರಸುದಾರ ಇದ್ದಾನೆ."

"ಯಾರು ಅಂತ ಕೇಳು ಕಾಬರಿ. ಕಾರ್ಯದರ್ಶಿಗಳು ಬರ್ಕೋಬೇಕು."

"ಓಂಕಾರಮಲ್ಲಾ, ನಿನಗೆ ಗೊತ್ತಿಲ್ವೇನಯ್ಯ?"

"ಗೊತ್ತು ಸಾ," ಎಂದ ಓಂಕಾರಮಲ್, ಪುಸ್ತಕದಿಂದ ತಲೆ ಎತ್ತದೆ. "ಆದ್ರೆ ಸಭೆಗೆ ಕೇಳಿಸ್ಬೇಕು ಅಂತ ನಿಯಮ."

"ಖೀಂವಾರಾಮ್," ಎಂದರು ಚೌಧರಿಯವರು. "ಗುಮಾನಾರಾಮನ ಮಗ. ಹರಖಾಸರ. ಬರ್ಕೋ."

ಓಢಣಿಗಳ ಹಿಂದಿನ ಸಾಲಿನಿಂದ ಗವರಾಳ ದನಿ ಬಂತು, ಸಣ್ಣಗೆ, ಆದರೆ ಎಲ್ಲರಿಗೂ ಕೇಳುವಷ್ಟು. "ನಾಗೋರಿನಲ್ಲೂ ಹೀಗೇ ಹೇಳಿದ್ರು."

ಹೆಂಗಸರ ನಗು ಓಢಣಿಯೊಳಗೆ ನಿಲ್ಲದೆ ಹೊರಬಿತ್ತು. ಗಂಡಸರೂ ನಕ್ಕರು, ಚೌಧರಿಯವರ ಕಡೆ ನೋಡದೆ. ಚೌಧರಿಯವರು ವ್ಯಾಪಾರ ಬಲ್ಲವರು. ಒತ್ತುವರಿಗೆ ತಮ್ಮ ಹೆಸರು ತಾವೇ ಬರೆಸಿದಂತಾಯಿತು, ಮಾಲು ಕೈಬಿಟ್ಟಿತು ಎಂದು ಗೊತ್ತಾದ ಮೇಲೆ ಷರತ್ತಿನಲ್ಲಿ ಎಷ್ಟು ಗಿಟ್ಟೀತೆಂದು ನೋಡಿದರು.

"ಕಲ್ಲು ಸಾಗಿಸೋಕೆ ದೀಪಾವಳಿ ತನಕ ಟೈಮು ಬೇಕು ಅಂತ ಹೇಳು."

"ಮಳೆ ದೀಪಾವಳಿಗೆ ಕಾಯಲ್ಲ ಅಂತ ಹೇಳು. ಏಳು ದಿನ."

"ಒಂಟೆ ಒಂದಕ್ಕೆ ಕಾಲು ನೋವು. ಒಂದು ತಿಂಗಳು."

"ಊರಿನ ಗಾಡಿಗಳೆಲ್ಲ ಬರ್ತವೆ ಅಂತ ಹೇಳು. ಎಂಟು."

"ಹದಿನೈದು."

"ಒಂಬತ್ತು. ಒಂದು ಚಪ್ಪಡಿ ಒಡೆದ್ರೂ ಒಡೆದವನು ತಂದುಕೊಡಬೇಕು. ಅದನ್ನೂ ಬರ್ಕೊಳ್ಳೋಕೆ ಹೇಳು."

ಇಬ್ಬರ ಮಾತಿಗೂ ಕತ್ತು ಆಚೆ ಈಚೆ ತಿರುಗಿಸಿ ಸಾಕಾಗಿ ಕಾಬರಿ ಮೇಜಿನ ಮೇಲಿನ ಸುತ್ತೋಲೆಗೆ ಬಾಯಿ ಹಾಕಿತು. ಓಂಕಾರಮಲ್ ಕಸಿದುಕೊಳ್ಳುವಷ್ಟರಲ್ಲಿ ಗಂಡಂದಿರ ವಿಷಯವಿದ್ದ ಭಾಗ ಹೊಟ್ಟೆ ಸೇರಿತ್ತು. ಕೊನೆಯ ಮಾತಿಗೆ ಚೌಧರಿಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಕೂತುಬಿಟ್ಟರು. ಕೂತದ್ದನ್ನೇ ಒಪ್ಪಿಗೆ ಎಂದು ಓಂಕಾರಮಲ್ ಬರೆದುಕೊಂಡ.

ಮನೆಯಲ್ಲಿ ಮೂರು ದಿನ ಮಾವ ಮೇಕೆಯ ಜೊತೆಗೂ ಮಾತಾಡಲಿಲ್ಲ. ಊಟದ ತಟ್ಟೆ ಬಂತು, ಹೋಯಿತು. ಧಾಪೂ ಸಭೆಯಲ್ಲಿ ಗೆದ್ದದ್ದು ನಿಜ, ಆದರೆ ಬದುಕಬೇಕಾದದ್ದು ಈ ಅಂಗಳದಲ್ಲೇ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮಾವ ಮಂಚದ ಮೇಲೆ ಕೂತು ಕಾಬರಿಯ ಕಡೆ ತಿರುಗಿದರು.

"ಅಂಬಲಿಗೆ ಉಪ್ಪು ಕಮ್ಮಿ," ಎಂದರು ಕೊನೆಗೆ.

ಧಾಪೂ ಮುಸುಕಿನೊಳಗೆ ಕಣ್ಣು ಒರೆಸಿಕೊಂಡಳು. "ಡಾಕ್ಟರು ಹೇಳಿದ್ದಾರೆ ಅಂತ ಹೇಳು ಕಾಬರಿ," ಎಂದಳು.

ಎಂಟನೆಯ ದಿನಕ್ಕೆ ಗೋಡೆ ಇರಲಿಲ್ಲ. ಒಂದು ಚಪ್ಪಡಿಯೂ ಒಡೆಯಲಿಲ್ಲ. ಚೌಧರಿಯವರು ಸ್ವತಃ ನಿಂತು ಪ್ರತಿಯೊಂದನ್ನೂ ತಟ್ಟಿ ಗಾಡಿಗೆ ಹಾಕಿಸಿದರು. ಒಂಬತ್ತನೆಯ ದಿನ ಊರೆಲ್ಲ ಆಗೋರ್ ಗುಡಿಸಿತು. ಆಷಾಢದ ಮೊದಲ ಮಳೆ ಅರ್ಧ ಗಂಟೆ ಹೊಯ್ದಾಗ ನೀರು ನೊರೆ ಕಟ್ಟಿಕೊಂಡು ಇಳಿಜಾರಿನಲ್ಲಿ ಓಡಿಬಂದು ಕೆರೆಯ ಮೂರನೆಯ ಮೆಟ್ಟಿಲು ಮುಚ್ಚಿತು. ಗವರಾ ದಡದಲ್ಲಿ ಕೂತು ಬೊಗಸೆಯಲ್ಲಿ ಎತ್ತಿ ಕುಡಿದು, ಇನ್ನೊಂದು ಬೊಗಸೆ ಎತ್ತಿ, ಅದನ್ನು ಕುಡಿಯದೆ ಸುಮ್ಮನೆ ನೋಡುತ್ತ ಕೂತಿದ್ದಳು.

ಶ್ರಾವಣದ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಧಾಪೂ ಪಂಚಾಯ್ತಿ ಕಟ್ಟಡದ ಕೋಣೆಯಲ್ಲಿ ಕುರ್ಚಿಯ ಮೇಲೆ, ಮುಸುಕು ಹಿಂದಕ್ಕೆ ಸರಿಸಿ, ಕಾಗದ ಓದುತ್ತಿದ್ದಳು. ಓಂಕಾರಮಲ್ ಮೇಜಿನ ಆಚೆ ಕೂತಿದ್ದ. ಹೊರಗಿನ ಜಗುಲಿಯಲ್ಲಿ ಹರಟುತ್ತಿದ್ದ ನಾಲ್ಕೈದು ಗಂಡಸರು ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದರು. ಬಾಗಿಲಿನ ಹೊರಗೆ ಯಾರೋ ಕೆಮ್ಮಿದರು.

ಸ್ವಲ್ಪ ಬಿಟ್ಟು, ಇನ್ನೊಂದು ಸಲ.

ಇಪ್ಪತ್ತು ವರ್ಷ ಹೇಳದೆ ಕೇಳದೆ ನುಗ್ಗಿದ ಬಾಗಿಲು ಅದು. ಧಾಪೂ ಎದ್ದು, ಕುರ್ಚಿ ಪಕ್ಕಕ್ಕೆ ಸರಿಸಿ, ಮುಸುಕು ಎಳೆದುಕೊಂಡು ನೆಲದ ಮೇಲೆ ಕೂತಳು. ಚೌಧರಿಯವರು ಒಳಗೆ ಬಂದರು. ಕೈಯಲ್ಲಿ ಒಂದು ಅರ್ಜಿ. ತಮ್ಮದೇ ಹೊಲದ ಅಂಚಿನಲ್ಲಿ ಮೇವಿನ ಆವರಣ ಕಟ್ಟಲು ಅಪ್ಪಣೆ ಬೇಕಾಗಿತ್ತು, ಕಲ್ಲು ಹೇಗೂ ಇತ್ತು. ಅವರು ಅಭ್ಯಾಸದಂತೆ ಕೋಣೆಯ ಮೂಲೆ ಮೂಲೆ ಕಣ್ಣಾಡಿಸಿದರು. ಮೇಕೆ ಇರಲಿಲ್ಲ. ಕಬ್ಬಿಣದ ಬೀರು, ಒಂದು ಮೇಜು, ಓಂಕಾರಮಲ್.

ಕಣ್ಣು ಓಂಕಾರಮಲನ ಮೇಲೆ ಬಂದು ನಿಂತಿತು.

"ಇವತ್ತೇ ರುಜು ಹಾಕಿದ್ರೆ ಒಳ್ಳೇದಿತ್ತು ಅಂತ ಅವಳಿಗೆ ಹೇಳು," ಎಂದರು.

ಓಂಕಾರಮಲ್ ಅವರ ಕೈಯಿಂದ ಅರ್ಜಿ ಇಸಿದುಕೊಂಡು ಅವಳ ಕಡೆ ಚಾಚಿದ.

"ಓದಿ ಹಾಕ್ತೀನಿ ಅಂತ ಹೇಳಿ ಓಂಕಾರಮಲ್‌ಜೀ," ಎಂದಳು ಧಾಪೂ, ಕಾಗದ ತೆಗೆದುಕೊಳ್ಳುತ್ತ. "ಅಲ್ಲಿತನಕ ಚಾ ಕುಡೀಲಿ. ಈಗ ಕೆರೆ ನೀರಿಂದು, ಚೆನ್ನಾಗಿರುತ್ತೆ."

ಚೌಧರಿಯವರು ಲೋಟ ಹಿಡಿದು ಕೂತರು. ಅವಳು ಮೊದಲ ಸಾಲಿನಿಂದ, ನಿಧಾನವಾಗಿ, ಓದತೊಡಗಿದಳು.